ಸಹಾಯ ಬೇಕು: ಕನ್ನಡ ರ‍್ಯಾಪ್ ಹಾಡಿನ ಸಾಲೊಂದು ಬೆದರಿಕೆಯಾಗಿ ಪೊಲೀಸ್ ಠಾಣೆ ಸೇರಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ನನ್ನ ತಂಗಿಯ ಮಗನಿಗೆ 19 ವರ್ಷ, ರ‍್ಯಾಪ್ ಹುಚ್ಚು. ಸೊಸೈಟಿಯ ನೀರಿನ ಜಗಳದ ಮೇಲೆ ಹಾಡು ಕಟ್ಟಿ ಇನ್‌ಸ್ಟಾಗ್ರಾಂಗೆ ಹಾಕಿದ. ಅದರಲ್ಲೊಂದು ಸಾಲು: "ಗ್ರಹಚಾರ ಬಿಡಿಸ್ತೀನಿ, ಚರ್ಮ ಸುಲಿದು ಡೋಲು ಮಾಡ್ತೀನಿ." ನಮ್ಮಜ್ಜಿ ದಿನಕ್ಕೆ ನಾಲ್ಕು ಸಲ ಹೀಗೆ ಬೈಯುತ್ತಿದ್ದರು! ಯಾರೋ ಮೊಬೈಲಿನಲ್ಲೇ ಮರಾಠಿಗೆ ಅನುವಾದಿಸಿ ಕಮಿಟಿಯವರಿಗೆ ತೋರಿಸಿದ್ದಾರೆ. ಗ್ರಹಚಾರ ಬಿಟ್ಟುಹೋಗಿ ಚರ್ಮ ಸುಲಿಯುವುದಷ್ಟೇ ಉಳಿದಿದೆ. ಈಗ ಎನ್‌ಸಿ (ಎಫ್‌ಐಆರ್ ಅಲ್ಲದ, ಅಸಂಜ್ಞೇಯ ಅಪರಾಧದ ದೂರು) ಆಗಿದೆ, ಹೇಳಿಕೆ ಕೊಡಲು ಕರೆದಿದ್ದಾರೆ.

ನಾನು ಓದಿಕೊಂಡಿದ್ದು: ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಹೆದರಿಸುವ ಉದ್ದೇಶ ಇರಬೇಕು, ಶಿಕ್ಷೆ 2 ವರ್ಷದವರೆಗೆ, ಕೊಲೆ ಬೆದರಿಕೆಯಾದರೆ 7ರವರೆಗೆ. 2025ರ ಮಾರ್ಚ್‌ನಲ್ಲಿ ಕವಿ, ರಾಜಕಾರಣಿ ಇಮ್ರಾನ್ ಪ್ರತಾಪಗಢಿ ಅವರ ಮೇಲಿದ್ದ ಕವಿತೆ ಪ್ರಕರಣದ ಎಫ್‌ಐಆರನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತ್ತು. ಆದರೆ ಅಲ್ಲಿದ್ದದ್ದು ದ್ವೇಷ ಹರಡುವ ಆರೋಪ, ನಮ್ಮದಕ್ಕೆ ಹೊಂದುತ್ತದೋ ಇಲ್ಲವೋ. ಹುಡುಗನದೂ ತಪ್ಪಿದೆ ಅನ್ನಿ, ವಿಡಿಯೋದಲ್ಲಿ ಸೆಕ್ರೆಟರಿಯವರ ಫ್ಲ್ಯಾಟ್ ಬಾಗಿಲು ತೋರಿಸಬಾರದಿತ್ತು. ನನಗೆ ಭಯವಿರುವುದೂ ಅದರದ್ದೇ.

ಕಲ್ಯಾಣ ಕೋರ್ಟಿನಲ್ಲಿ ಕನ್ನಡ ಬಲ್ಲ ವಕೀಲರು ಯಾರಾದರೂ ಗೊತ್ತೇ? ಹಾಡನ್ನು ನುಡಿಗಟ್ಟಿನ ಅರ್ಥಸಮೇತ ಮರಾಠಿಯಲ್ಲಿ ಬರೆದು ಸಹಿ ಹಾಕಿ ಕೊಡುವವರೂ ಬೇಕು. ಪೋಸ್ಟ್ ತೆಗೆಯಬೇಕೋ, ಹಾಗೇ ಬಿಡಬೇಕೋ? ಪುಕ್ಕಟೆ ಬೇಡ, ಫೀಸು ಕೊಡುತ್ತೇವೆ. ಸೋಮವಾರ ಬೆಳಿಗ್ಗೆ ಹೋಗಬೇಕು. ದಯವಿಟ್ಟು ಇನ್‌ಬಾಕ್ಸ್‌ನಲ್ಲಿ ತಿಳಿಸಿ, ಹಾಡನ್ನು ಮಾತ್ರ ಇಲ್ಲಿ ಕೇಳಬೇಡಿ.