ಅಪ್‌ಡೇಟ್: ಎಂಬಿಎಗೆ ಮೊದಲು ಕೆಲಸವೋ, ನೇರವಾಗಿ ಓದೋ?

ಪದವಿ ಮುಗಿದ ಕೂಡಲೇ ಎಂಬಿಎ ಸೇರಲೇ ಅಥವಾ ಒಂದೆರಡು ವರ್ಷ ಕೆಲಸ ಮಾಡಲೇ ಎಂದು ಮೂರು ವಾರಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ. ಕೊನೆಗೆ ಕೆಲಸವನ್ನೇ ಆರಿಸಿಕೊಂಡು, ಕಳೆದ ಸೋಮವಾರ ನೇಮಕಾತಿ ಪತ್ರಕ್ಕೆ ಸಹಿ ಹಾಕಿದ್ದೇನೆ.

ಸಾಧಕ ಬಾಧಕಗಳ ಪಟ್ಟಿ ಮಾಡಿ ಎಂಬ ಸಲಹೆ ನನಗೆ ನೆರವಾಗಲಿಲ್ಲ. ಎರಡೂ ಕಡೆ ಏಳೇಳು ಅಂಶಗಳಾಗಿ ತಕ್ಕಡಿ ಅಲುಗಾಡಲೇ ಇಲ್ಲ. ನಿಜಕ್ಕೂ ಉಪಯೋಗವಾದದ್ದು, ಪ್ರವೇಶದ ಅರ್ಜಿಯಲ್ಲಿ ಕೇಳುವ ಪ್ರಬಂಧವನ್ನು ಈಗಲೇ ಒಮ್ಮೆ ಬರೆದು ನೋಡಿ ಎಂದವರ ಮಾತು. ತಂಡವೊಂದನ್ನು ಮುನ್ನಡೆಸಿದ ಅನುಭವವನ್ನು ವಿವರಿಸಿ ಎಂಬ ಪ್ರಶ್ನೆಗೆ, ಕಾಲೇಜಿನ ಉತ್ಸವಕ್ಕೆ ವೇದಿಕೆ ಹಾಕಿಸಿದ ಕಥೆಯ ಹೊರತು ನನ್ನಲ್ಲಿ ಬೇರೇನೂ ಇರಲಿಲ್ಲ; ಅದೂ ನಾಲ್ಕನೆಯ ವಾಕ್ಯಕ್ಕೇ ಮುಗಿದುಹೋಯಿತು.

ನನಗೆ ಗೊತ್ತೇ ಇರದ ಸಂಗತಿಯೆಂದರೆ, ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಅಂಕಗಳು 5 ವರ್ಷ ಮಾನ್ಯವಾಗಿರುತ್ತವೆ; ಹೀಗಾಗಿ ಓದುವ ಅಭ್ಯಾಸ ತಪ್ಪುವ ಮುನ್ನವೇ ಪರೀಕ್ಷೆ ಬರೆದಿಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ 2+2 ಯೋಜನೆಯಲ್ಲಂತೂ ಪದವಿಯ ಕೊನೆಯ ವರ್ಷದಲ್ಲೇ ಅರ್ಜಿ ಹಾಕಿ, ಸೀಟು ಸಿಕ್ಕರೆ ಕನಿಷ್ಠ 2 ವರ್ಷ ದುಡಿದು ಆಮೇಲೆ ಸೇರಬಹುದು. ನನಗೆ ಇದು ತಿಳಿದದ್ದು ಪದವಿ ಮುಗಿದ ಮೇಲೆ. ಕೊನೆಯ ವರ್ಷದಲ್ಲಿರುವವರು ಈಗಲೇ ವಿಚಾರಿಸಿಕೊಳ್ಳಿ.