ಸಿಟಿ ಐ-ವಿಟೆಕ್‌ಗೆ ಟರ್ಬೊ ಕೂರಿಸಿದವರು ಅನುಭವ ಹೇಳಿ

ಗಾಡಿ 2010ರ ಹೋಂಡಾ ಸಿಟಿ 1.5 ಪೆಟ್ರೋಲ್, ಮ್ಯಾನುಯಲ್. ಇರುವುದು ಶಿವಮೊಗ್ಗದಲ್ಲಿ. ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಗಾಳಿ ತುರುಕುವುದು) 0.4 ಬಾರ್ ಬೂಸ್ಟ್, ಅಂದರೆ ಹೆಚ್ಚುವರಿ ಗಾಳಿಯ ಒತ್ತಡ, ಕೊಟ್ಟರೆ ಸಾಕು, ಪಿಸ್ಟನ್, ಕನೆಕ್ಟಿಂಗ್ ರಾಡ್ ಮುಟ್ಟುವುದಿಲ್ಲ. ಬಜೆಟ್ ಎರಡೂವರೆ ಲಕ್ಷ. ಇಂಜಿನ್ ಹೊಗೆಯನ್ನು ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡ್ ಊರಲ್ಲೇ ಮಾಡಿಸಬಹುದೇ? ಗುಜರಿಯಲ್ಲಿ ಒಂದು ಡೀಸೆಲ್ ಎಸ್‌ಯುವಿಯ ಟರ್ಬೊ 7,000ಕ್ಕೆ ಸಿಗುತ್ತಿದೆ, ನಡೆಯುತ್ತದಾ?

ಸಾಗರದ ಬಲೆನೊ:
ನಮ್ಮದು ಹಳೇ ಬಲೆನೊ ಸೆಡಾನ್, 1.6. ಮೊದಲು ಹಾಕಿದ್ದು 304 ಸ್ಟೇನ್‌ಲೆಸ್ ಮ್ಯಾನಿಫೋಲ್ಡ್, 2 ಎಂಎಂ ಟ್ಯೂಬ್, 22,000 ರೂಪಾಯಿ. ಮೂರನೇ ಪೈಪ್ ಕಲೆಕ್ಟರ್‌ಗೆ (ಎಲ್ಲ ಪೈಪ್ ಕೂಡುವ ಜಾಗ) ಸೇರುವ ಕಡೆ, ವೆಲ್ಡಿಂಗ್ ಅಂಚಿನಲ್ಲೇ ಸೀಳಿತು. ಬೆಸೆದರೆ ಅದರ ಪಕ್ಕದಲ್ಲಿ ಸೀಳಿತು. ಕಾರಣ ಎರಡು. ವೆಲ್ಡ್ ಮಾಡುವಾಗ ಪೈಪಿನ ಒಳಗೆ ಆರ್ಗಾನ್ ಬಿಟ್ಟಿರಲಿಲ್ಲ, ಒಳಮೈ ಸಕ್ಕರೆ ಹರಳಿನ ಹಾಗೆ ಕರಟಿತ್ತು. ಇನ್ನೊಂದು, 304 ಬಿಸಿಗೆ ಹಿಗ್ಗುವುದು ಮೈಲ್ಡ್ ಸ್ಟೀಲ್‌ಗಿಂತ ಸುಮಾರು ಒಂದೂವರೆ ಪಟ್ಟು. ಟರ್ಬೊ ಭಾರವೆಲ್ಲ ಅದರ ಮೇಲೆಯೇ ನೇತಾಡುತ್ತಿತ್ತು.
ಈಗ ಇರುವುದು ಒಂದೂಕಾಲು ಇಂಚಿನ ಸ್ಕೆಡ್ಯೂಲ್ 40 ಸ್ಟೀಮ್ ಪೈಪ್ ಎಲ್ಬೋ, ಗೋಡೆ ಮೂರೂವರೆ ಎಂಎಂ. ಇಂಜಿನ್ ಹೆಡ್‌ಗೆ ಕೂರುವ ಫ್ಲಾಂಜ್ 12 ಎಂಎಂ ಪ್ಲೇಟ್. ಗುಜರಿ ಹೆಡ್ ಒಂದನ್ನು ತಂದು ಫ್ಲಾಂಜನ್ನು ಅದಕ್ಕೆ ಬೋಲ್ಟ್ ಮಾಡಿಯೇ ವೆಲ್ಡ್ ಮಾಡಿಸಿ. ಒಂದೇ ಪೈಪನ್ನು ಸುತ್ತ ಮುಗಿಸಬಾರದು, ಸ್ವಲ್ಪ ಇಲ್ಲಿ ಸ್ವಲ್ಪ ಅಲ್ಲಿ. ತಣ್ಣಗಾದ ಮೇಲೆ ಬಿಚ್ಚಿ ಫ್ಲಾಂಜಿನ ಮೈ ಮಟ್ಟಸವಾಗಿ ಮಿಲ್ಲಿಂಗ್ ಮಾಡಿಸಿ. ಎಲ್ಬೋ 1,900, ಫ್ಲಾಂಜ್ ಲೇಸರ್ ಕಟಿಂಗ್ 2,600, ವೆಲ್ಡಿಂಗ್ 6,000, ಮಿಲ್ಲಿಂಗ್ 800. ಟರ್ಬೊಗೆ ಬ್ಲಾಕ್‌ನಿಂದ ಬ್ರಾಕೆಟ್ ಕೊಡಿ. ತೂತು ಉದ್ದಕ್ಕಿರಲಿ, ಮ್ಯಾನಿಫೋಲ್ಡ್ ಹಿಗ್ಗಲು ಜಾಗ ಬೇಕು.

ಮಾಚೇನಹಳ್ಳಿ ಎರಕ:
ಸ್ಟೀಮ್ ಪೈಪ್ ಅಂದರೆ ಗೊಬ್ಬರ ಗ್ಯಾಸಿನ ಕೆಲಸ. ಶಿವಮೊಗ್ಗದಲ್ಲಿ ಇಷ್ಟು ಫೌಂಡ್ರಿ ಇಟ್ಟುಕೊಂಡು ಪೈಪ್ ಬೆಸೆಯುವುದು ಯಾಕೆ? ಕಂಪನಿಗಳು ಮ್ಯಾನಿಫೋಲ್ಡ್ ಎರಕ ಹೊಯ್ಯುವುದು ಸುಮ್ಮನೆ ಅಲ್ಲ. ನಮ್ಮ ಎಸ್ಟೀಮ್ 1.3ಕ್ಕೆ ಎಸ್‌ಜಿ ಐರನ್ (ಸುಲಭವಾಗಿ ಒಡೆಯದ ಎರಕದ ಕಬ್ಬಿಣ) ಲಾಗ್ ಮ್ಯಾನಿಫೋಲ್ಡ್ (ಎಲ್ಲ ಪೋರ್ಟಿಗೂ ಒಂದೇ ದಪ್ಪ ಕೊಳವೆ), ಗೋಡೆ 6 ಎಂಎಂ. ಮರದ ಪ್ಯಾಟರ್ನ್ (ಅಚ್ಚಿನ ಮಾದರಿ) ಮತ್ತು ಒಳಗಿನ ಟೊಳ್ಳಿಗೆ ಕೋರ್ ಬಾಕ್ಸ್‌ಗೆ 14,000, ಎರಕಕ್ಕೆ 3,500, ಮಷಿನಿಂಗ್‌ಗೆ 4,000. ಒಂದೇ ಪೀಸ್ ಅಂದರೆ ಯಾರೂ ಹೊಯ್ಯುವುದಿಲ್ಲ, ಅವರು ಲೋಹ ಕರಗಿಸುವ ದಿನ ನಮ್ಮ ಅಚ್ಚಿನ ಬಾಕ್ಸ್ ಸೇರಿಸಬೇಕು. ಸಾಧ್ಯವಾದರೆ ಸಿಲಿಕಾನ್ 4 ಪ್ರತಿಶತ, ಜೊತೆಗೆ ಮಾಲಿಬ್ಡಿನಮ್ ಇರುವ ಸೈಮೊ ಗ್ರೇಡ್ ಕೇಳಿ, ಕೆಂಪಗೆ ಕಾದರೂ ಬಾಗುವುದಿಲ್ಲ. ಮೊದಲ ಎರಕದಲ್ಲಿ ಕೋರ್ ಸರಿದು ಒಂದು ಕಡೆ ಗೋಡೆ ತೆಳ್ಳಗಾಗಿತ್ತು, ಅದನ್ನು ಬಿಸಾಡಬೇಕಾಯಿತು. ಎರಡನೆಯದು ಇವತ್ತಿಗೂ ಸೀಳಿಲ್ಲ.

ಸಾಗರದ ಬಲೆನೊ:
ಗೊಬ್ಬರ ಗ್ಯಾಸ್ ಮಾತು ಬೇಡ ಸರ್. ನಿಮ್ಮ ಬಾಬ್ತು ಪ್ಯಾಟರ್ನ್ ಸೇರಿ 21,500, ಬಿಸಾಡಿದ್ದು ಬೇರೆ. ನನ್ನದು 11,300. ಲಾಗ್‌ನಲ್ಲಿ ನಾಲ್ಕೂ ಪೋರ್ಟಿನ ಹೊಗೆ ಒಂದಕ್ಕೊಂದು ಅಡ್ಡ ಬರುತ್ತದೆ, ಒಳಗೆ ಬಿಸಿ ಉಳಿದು ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಬೇಗ ಶುರುವಾಗುತ್ತದೆ.

ಕೆಎ18 ಸಿಟಿ:
ಇಬ್ಬರೂ ಮ್ಯಾನಿಫೋಲ್ಡ್ ಬಿಟ್ಟು ಮೇಲೇಳಿ. ಸಿಟಿಯಲ್ಲಿ ದುಡ್ಡು ತಿನ್ನುವುದು ಪೆಟ್ರೋಲ್ ಮತ್ತು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಕೇಬಲ್ ಥ್ರಾಟಲ್ ಕಾಲದ ಗಾಡಿಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಇದರಲ್ಲಿ ಥ್ರಾಟಲ್‌ಗೆ ಕೇಬಲ್ಲೇ ಇಲ್ಲ. ಪಿಗಿಬ್ಯಾಕ್ (ಕಂಪನಿ ಇಸಿಯು ಜೊತೆಗೆ ಸೇರಿಸುವ ಪೆಟ್ಟಿಗೆ) 24,000 ಕೊಟ್ಟು ಹಾಕಿಸಿದ್ದು ದಂಡ. ಅದು ಸೆನ್ಸರ್ ಸಿಗ್ನಲ್ ತಿರುಚಿ ಪೆಟ್ರೋಲ್ ಏರಿಸುತ್ತದೆ, ಕಂಪನಿ ಇಸಿಯು ಕ್ಲೋಸ್ಡ್ ಲೂಪ್‌ನಲ್ಲಿ (ಆಕ್ಸಿಜನ್ ಸೆನ್ಸರ್ ನೋಡಿ) ಅದನ್ನೇ ಇಳಿಸಿ ಟ್ರಿಮ್, ಅಂದರೆ ತನ್ನ ತಿದ್ದುಪಡಿ, ಬರೆದುಕೊಳ್ಳುತ್ತದೆ. ವಾರದೊಳಗೆ ಟ್ಯೂನಿಂಗ್ ಎಲ್ಲೆಲ್ಲೋ. ಎಲೆಕ್ಟ್ರಾನಿಕ್ ಥ್ರಾಟಲ್ ನಡೆಸಬಲ್ಲ ಸ್ಟ್ಯಾಂಡ್‌ಅಲೋನ್ (ಕಂಪನಿಯದರ ಬದಲಿಗೆ ಹಾಕುವ ಇಸಿಯು) 85,000, ವೈರಿಂಗ್ 18,000, 3 ಬಾರ್ ಮ್ಯಾಪ್ (ಒಳಹೋಗುವ ಗಾಳಿಯ ಒತ್ತಡದ) ಸೆನ್ಸರ್ 4,500, ಎಲ್‌ಎಸ್‌ಯು 4.9 ಸೆನ್ಸರಿನ ವೈಡ್‌ಬ್ಯಾಂಡ್ (ಹೊಗೆಯ ಆಕ್ಸಿಜನ್ ಅಳೆಯುವುದು) 17,000, ಡೈನೊ (ಶಕ್ತಿ ಅಳೆಯುವ ಯಂತ್ರ) ಟ್ಯೂನಿಂಗ್ 25,000. ಮ್ಯಾನಿಫೋಲ್ಡ್ ಮುಟ್ಟುವ ಮೊದಲೇ ಒಂದೂವರೆ ಲಕ್ಷ.
ಇಂಜೆಕ್ಟರ್ ಲೆಕ್ಕ: 160 ಎಚ್‌ಪಿ ಗುರಿ ಇದ್ದರೆ, 80 ಪ್ರತಿಶತ ಡ್ಯೂಟಿಗೆ (ತೆರೆದಿರುವ ಸಮಯದ ಪಾಲು) ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ 315 ಸಿಸಿ ಕೊಡುವಂಥದ್ದಿರಬೇಕು. ಇದರಲ್ಲಿ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಲೈನ್ ಇಲ್ಲ, ಒತ್ತಡ ಕಾಯುವ ರೆಗ್ಯುಲೇಟರ್ ಟ್ಯಾಂಕಿನೊಳಗೆ. ಬೂಸ್ಟ್ ಏರಿದಷ್ಟೂ ಇಂಜೆಕ್ಟರ್ ತುದಿಯಲ್ಲಿ ಒತ್ತಡ ಕಡಿಮೆ. ರಿಟರ್ನ್ ಲೈನ್ ಎಳೆದು, ಬೂಸ್ಟ್ ನೋಡಿ ಏರುವ ರೆಗ್ಯುಲೇಟರ್ ಹಾಕಲೇಬೇಕು.

ಭದ್ರಾವತಿ ಲೇತ್:
ಹಾಕಲೇಬೇಕು ಅಂತ ಹೆದರಿಸಬೇಡಿ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ರೇಲ್‌ನಲ್ಲಿ 3.5 ಬಾರ್ ಇದ್ದು ಬೂಸ್ಟ್ 0.4 ಆದರೆ ಉಳಿಯುವುದು 3.1. ಹರಿವು ಕಡಿಮೆಯಾಗುವುದು 6 ಪ್ರತಿಶತ. ಸ್ಟ್ಯಾಂಡ್‌ಅಲೋನ್ ಇದ್ದ ಮೇಲೆ ಅಷ್ಟನ್ನು ಇಸಿಯುನ ಪೆಟ್ರೋಲ್ ಟೇಬಲ್‌ನಲ್ಲಿ ತುಂಬಬಹುದು. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಲೈನ್ ಎಳೆಯುವುದು ಬೆಂಕಿಯ ಕೆಲಸ.

ಕೆಎ18 ಸಿಟಿ:
6 ಪ್ರತಿಶತ ಕಾಗದದ ಮೇಲೆ. ಪಂಪ್ ಹಳೆಯದಾಗಿ, ಫಿಲ್ಟರ್ ಕಟ್ಟಿ ಒತ್ತಡ 3.5ರಿಂದ 3ಕ್ಕೆ ಬಂದರೆ ಟೇಬಲ್‌ಗೆ ಏನು ಗೊತ್ತು? ನಾಲ್ಕನೇ ಪಿಸ್ಟನ್‌ನ ರಿಂಗ್ ಲ್ಯಾಂಡ್ (ರಿಂಗ್‌ಗಳ ನಡುವಿನ ಅಂಚು) ಮುರಿದು 62,000 ಬಿಲ್ ಕಟ್ಟಿದ ಕೈ ಇದು. ಇಸಿಯು ದಾಖಲೆ ತೆಗೆದು ನೋಡಿದಾಗ 5,500 ಆರ್‌ಪಿಎಂ ಮೇಲೆ ಲ್ಯಾಂಬ್ಡಾ (1ಕ್ಕಿಂತ ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು) 0.92. ಬೂಸ್ಟ್‌ನಲ್ಲಿ 0.80 ಹತ್ತಿರ ಇರಬೇಕಿತ್ತು. ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) ಅಂಕಿ ನಂಬಿ ಕೂರಬೇಡಿ, 14.7 ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ, ಇ20ಗೆ (20 ಪ್ರತಿಶತ ಎಥನಾಲ್) ಅದು 13.5ರ ಹತ್ತಿರ. ಲ್ಯಾಂಬ್ಡಾ ನೋಡಿಯೇ ಟ್ಯೂನ್ ಮಾಡಿಸಿ, ಅದೂ ಎಲ್ಲ ಬಂಕ್‌ನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ಗೆ. ಘಾಟಿ ಕೆಳಗಿನ ಬಂಕ್‌ನಲ್ಲಿ ಹೆಚ್ಚು ಆಕ್ಟೇನಿನದು ಸಿಗಲಿಲ್ಲ ಅಂದರೆ ಆಮೇಲೆ ಇಂಜಿನ್ ಕೇಳುವುದಿಲ್ಲ.

ತೀರ್ಥಹಳ್ಳಿ ಘಾಟಿ:
ಡೀಸೆಲ್ ಟರ್ಬೊ ಬಗ್ಗೆ ಯಾರೂ ಹೇಳಲಿಲ್ಲ. ಬೇಡ. ಡೀಸೆಲ್‌ನಲ್ಲಿ ಟರ್ಬೈನ್‌ಗೆ ಬರುವ ಹೊಗೆ 800 ಡಿಗ್ರಿ ದಾಟುವುದು ಅಪರೂಪ, ಪೆಟ್ರೋಲ್‌ನಲ್ಲಿ 950 ಮಾಮೂಲು. ಹೌಸಿಂಗ್ ಬಿರುಕು ಬಿಡುತ್ತದೆ, ವಿಜಿಟಿ (ಒಳಗಿನ ರೆಕ್ಕೆಗಳು ತಿರುಗಿ ಹೊಗೆಯ ದಾರಿ ಬದಲಿಸುವ ಟರ್ಬೊ) ಆದರೆ ಆ ರೆಕ್ಕೆಗಳು ಕಚ್ಚಿಕೊಂಡು ಬೂಸ್ಟ್ ಕೈಮೀರುತ್ತದೆ. ಬಹಳಷ್ಟರಲ್ಲಿ ತಂಪು ಮಾಡುವ ನೀರಿನ ದಾರಿಯೂ ಇರುವುದಿಲ್ಲ. ಬಿಸಿ ಇಂಜಿನ್ ಆಫ್ ಮಾಡಿದೊಡನೆ ಬೇರಿಂಗ್‌ನಲ್ಲಿ ಆಯಿಲ್ ಕರಟುತ್ತದೆ. ಪೆಟ್ರೋಲ್ ಗಾಡಿಯಿಂದ ಬಿಚ್ಚಿದ, ನೀರು ಹರಿಯುವ ಟಿಡಿ04 ಟರ್ಬೊ ಹುಡುಕಿ. ಶಾಫ್ಟ್ ಉದ್ದಕ್ಕೆ ಎಳೆದರೆ ಆಟ ಕೈಗೆ ತಿಳಿಯಬಾರದು. ಅಡ್ಡಕ್ಕೆ ಸ್ವಲ್ಪ ಇದ್ದರೆ ಸರಿ, ರೆಕ್ಕೆ ಹೌಸಿಂಗ್‌ಗೆ ತಾಗಬಾರದು. 24,000 ಕೊಟ್ಟು ತಂದದ್ದಕ್ಕೆ ರಿಪೇರಿ ಕಿಟ್ ಮತ್ತು ಬ್ಯಾಲೆನ್ಸಿಂಗ್ 9,000.
ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವುದು) ವಿಚಾರ ಬಯಲುಸೀಮೆಯವರ ಮಾತು ಕೇಳಬೇಡಿ. ಆಗುಂಬೆಯಲ್ಲಿ 14 ತಿರುವು, ಎರಡನೇ ಗೇರ್, ಗಂಟೆಗೆ 25 ಕಿ.ಮೀ.; ಬೂಸ್ಟ್ ಇದೆ, ಮುಂದಿನಿಂದ ಗಾಳಿ ಇಲ್ಲ. ಮೇಲೆ ಹತ್ತುವಷ್ಟರಲ್ಲಿ ಒಳಹೋಗುವ ಗಾಳಿ 70 ಡಿಗ್ರಿ. ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವೆ ಎರಡು ಬೆರಳು ಜಾಗ ಬಿಟ್ಟು ಸುತ್ತ ತಗಡು ಮುಚ್ಚಿಸಿ, ಫ್ಯಾನ್ ಎಳೆಯುವ ಗಾಳಿ ಎರಡರ ಒಳಗಿಂದಲೇ ಬರಲಿ. 60 ಡಿಗ್ರಿ ದಾಟಿದರೆ ಇಗ್ನಿಷನ್ ಟೈಮಿಂಗ್ ಇಳಿಯುವಂತೆ ಇಸಿಯುನಲ್ಲಿ ಬರೆಸಿ. ಗಾಳಿ ಫಿಲ್ಟರ್ ಬಂಪರ್ ಒಳಗೆ ಕೆಳಗಿಡಬೇಡಿ. ಮಳೆಗಾಲದಲ್ಲಿ ರಸ್ತೆಯ ನೀರು ಎಳೆದುಕೊಂಡರೆ ರಾಡ್ ಬಾಗಿ ಹೋಗುತ್ತದೆ.

ಮಾಚೇನಹಳ್ಳಿ ಎರಕ:
ಎಂತ ಮಾರಾಯ್ರೆ, ಡೀಸೆಲ್ ಟರ್ಬೊ ನಡೆಯುವುದೇ ಇಲ್ಲ ಅಂದರೆ? ಎಸ್ಟೀಮ್‌ನಲ್ಲಿ ಅದೇ ಇದೆ, ವೇಸ್ಟ್‌ಗೇಟ್ (ಹೆಚ್ಚಾದ ಹೊಗೆ ಬದಿಗೆ ಬಿಡುವ ಬಾಗಿಲು) ಇರುವುದು, ವಿಜಿಟಿ ಅಲ್ಲ. 0.35 ಬಾರ್.

ತೀರ್ಥಹಳ್ಳಿ ಘಾಟಿ:
1.3 ಇಂಜಿನ್, 0.35 ಬಾರ್, ಊರೊಳಗೆ ಓಡಾಟ. ಅದನ್ನು ಪೂರ್ತಿ ಆಕ್ಸಿಲರೇಟರ್‌ನಲ್ಲಿ ಘಾಟಿ ಹತ್ತಿಸಿ, ಕೆಂಪಗಾದ ಹೌಸಿಂಗ್ ನೋಡಿ, ಆಮೇಲೆ ಬೇರೆಯವರಿಗೆ ಹೇಳಿ.

ಕಾನೂನು ಓದಿದವನು:
ಇಷ್ಟು ದುಡ್ಡಿನ ಮಾತಲ್ಲಿ ಒಬ್ಬರೂ ಆರ್‌ಟಿಒ ಎನ್ನಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. 2019ರ ತಿದ್ದುಪಡಿಯ 182ಎ(4) ಪ್ರಕಾರ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ಬಾನೆಟ್ ಎತ್ತುತ್ತಾರೆ.

ಸಾಗರದ ಬಲೆನೊ:
ಕೇಳಿದ್ದು ಟರ್ಬೊ ಕೂರಿಸುವ ಬಗ್ಗೆ.

ಕಾನೂನು ಓದಿದವನು:
ಕೂರಿಸಿದ ಮೇಲೆ ಓಡಿಸುವುದು ರಸ್ತೆಯಲ್ಲೇ ತಾನೆ? ಎದುರಿಗೆ ಬರುವವರ ವಿಚಾರವೂ ಇದರಲ್ಲಿದೆ. ರೇಸ್ ಟ್ರ್ಯಾಕಿಗೆ ಮಾತ್ರ ಆದರೆ ಕೊಯಮತ್ತೂರಿಗೆ ಟ್ರೈಲರ್ ಬಾಡಿಗೆಯನ್ನೂ ಬಜೆಟ್‌ಗೆ ಸೇರಿಸಿ. ಬ್ರೇಕಿಗೆ ಎಷ್ಟು ಇಟ್ಟಿದ್ದೀರಿ ಅಂತಲೂ ಯಾರೂ ಬರೆದಿಲ್ಲ.

ಭದ್ರಾವತಿ ಲೇತ್:
ಬ್ರೇಕ್ ಮಾತು ಸರಿ. ಇನ್ನೊಂದು ಬಾಕಿ ಇದೆ, ಆಯಿಲ್ ವಾಪಸ್ ಬರುವ ದಾರಿ. ನಮ್ಮಲ್ಲಿಗೆ ಬರುವ ಟರ್ಬೊ ಗಾಡಿಗಳಲ್ಲಿ ನೀಲಿ ಹೊಗೆ ಅಂದರೆ ಎಲ್ಲರೂ ಸೀಲ್ ಹೋಯಿತು ಅಂತಾರೆ. ಸೀಲ್ ಅಲ್ಲ, ಡ್ರೈನ್. ಆಯಿಲ್ ನೊರೆಯಾಗಿ ತನ್ನ ಭಾರಕ್ಕೆ ಇಳಿಯಬೇಕು, ತಳ್ಳಲು ಪಂಪ್ ಇಲ್ಲ. ಒಳವ್ಯಾಸ 16 ಎಂಎಂಗೆ ಕಡಿಮೆ ಬೇಡ, ಎಲ್ಲಿಯೂ ಮೇಲಕ್ಕೆ ಬಾಗಬಾರದು, ಸಂಪ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿ) ಸೇರುವ ತೂತು ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಸಂಪ್ ಅಲ್ಯುಮಿನಿಯಂ ಆದರೆ ಬಿಚ್ಚಿ, ಎಣ್ಣೆ ಪಸೆ ಪೂರ್ತಿ ತೊಳೆದೇ ಬಂಗ್ (ಹೋಸ್ ಕೂರುವ ತುಂಡು) ವೆಲ್ಡ್ ಮಾಡಿಸಬೇಕು. ಗಾಡಿಯಲ್ಲೇ ತೂತು ಕೊರೆದರೆ ಚೂರು ಒಳಗೆ ಬೀಳುತ್ತದೆ. ಪಿಸಿವಿ (ಕ್ರ್ಯಾಂಕ್‌ಕೇಸ್ ಆವಿ ಹೊರಹೋಗುವ) ಹೋಸ್‌ನಲ್ಲಿ ಒನ್‌ವೇ ವಾಲ್ವ್ ಹಾಕಿ, ಇಲ್ಲವಾದರೆ ಬೂಸ್ಟ್ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಅದೇ ಡ್ರೈನನ್ನು ತಡೆಯುತ್ತದೆ. ಬಂಗ್, ಹೋಸ್, ವಾಲ್ವ್ ಎಲ್ಲ ಸೇರಿ 5,200. ಸ್ಪಾರ್ಕ್ ಪ್ಲಗ್ ಒಂದು ನಂಬರ್ ತಣ್ಣನೆಯದು, ಗ್ಯಾಪ್ 0.7 ಎಂಎಂ. ಕ್ಲಚ್ ಹಳೆಯದಾದರೆ ಡೈನೊಗೆ ಹೋಗುವ ಮೊದಲೇ ಬದಲಿಸಿ, ಜಾರುವ ಕ್ಲಚ್‌ನಲ್ಲಿ ಟ್ಯೂನರ್ ಗಂಟೆ ಲೆಕ್ಕದ ದುಡ್ಡು ಹಾಗೇ ಹೋಗುತ್ತದೆ.

ಕೆಎ18 ಸಿಟಿ:
ಪಿಸಿವಿ ಮಾತು ಒಪ್ಪಿದೆ. ರಿಟರ್ನ್ ಲೈನ್ ಮಾತು ಈಗಲೂ ಒಪ್ಪುವುದಿಲ್ಲ.