ದಸರಾದಿಂದ ಎಳ್ಳಮಾಸಿತನಕ: ಕಾದಂಬರಿ ಓದು, ಭಾನುವಾರದ ತಿರುಗಾಟ — ಕೊಪ್ಪಳ ಸುತ್ತಮುತ್ತ

ಪ್ರಶ್ನೆ — ಹಿಂಗಾರಿ ಓದು (ಕೊಪ್ಪಳ)

ಎಲ್ಲರಿಗೂ ನಮಸ್ಕಾರ. ದಸರಾ ಮುಗಿದು ಎಳ್ಳಮಾಸಿ ಬರುವ ಹೊತ್ತಿಗೆ ಹತ್ತು-ಹನ್ನೆರಡು ಭಾನುವಾರ ಸಿಗುತ್ತವೆ. ಈ ಅವಧಿಯಲ್ಲಿ ಎರಡು-ಮೂರು ದೊಡ್ಡ ಕಾದಂಬರಿ ಓದಿ, ಅವುಗಳಿಗೆ ಹೊಂದುವ ಜಾಗಗಳನ್ನು ಒಂದೊಂದೇ ದಿನದಲ್ಲಿ ನೋಡಿ ಬರಬೇಕೆಂದಿದ್ದೇನೆ. ಸ್ವಂತ ಗಾಡಿ ಇಲ್ಲ, ಕೆಂಪು ಬಸ್ಸೇ ಗತಿ. ಕೆಲವು ವಾರ ಅವ್ವನೂ ಬರುತ್ತಾರೆ. ಅವರಿಗೆ ಮೊಣಕಾಲು ನೋವು, ಗುಡ್ಡ ಹತ್ತುವುದು ಆಗುವುದಿಲ್ಲ. ಹಂಪಿ ಬೇಡ, ನೋಡಿ ಆಗಿದೆ.

ನಮ್ಮ ಸೀಮೆಯ ನೆಲ, ನದಿ, ಮಾತು ಇರುವ ಕಾದಂಬರಿ ಯಾವುವು? ಬಸ್ಸಿನಲ್ಲಿ ಹೋಗಿ ಕತ್ತಲಾಗುವ ಮೊದಲು ವಾಪಸ್ ಬರಬಹುದಾದ ಜಾಗ ಯಾವುವು? ಪುಸ್ತಕ ಮೊದಲೋ, ಜಾಗ ಮೊದಲೋ?

ಉತ್ತರ — ಕೋಪಣ

ನಮಸ್ಕಾರ್ರಿ ಅಕ್ಕಾರ. ಮೊದಲನೇ ಎರಡು ಭಾನುವಾರ ಊರು ಬಿಟ್ಟು ದೂರ ಹೋಗಬ್ಯಾಡ್ರಿ. ಚಿತ್ತಿ ಮಳಿ, ಸ್ವಾತಿ ಮಳಿ ಯಾವಾಗ ಹಿಡಕೊಂತೈತಿ ಹೇಳಾಕ ಬರಂಗಿಲ್ಲ. ಎರಿ ಹೊಲದ ದಾರಿ ಹಸಿ ಇದ್ದಾಗ ಹತ್ತು ಹೆಜ್ಜಿ ನಡದ್ರ ಸಾಕು, ಚಪ್ಪಲಿಗೆ ಮಣ್ಣು ಅಂಟಿ ಕಾಲು ಎತ್ತಾಕ ಆಗಂಗಿಲ್ಲ. ಹಿಂಗಾರಿ ಜೋಳ ಮೊಣಕಾಲಮಟ ಬಂದಾಗ ದಾರಿ ಗಟ್ಟಿ ಆಗಿರತೈತಿ, ಹಳ್ಳಿ ಕಡೆ ಹೋಗಾಕ ಅದ ಗುರ್ತು.

ಹಂಗಾಗಿ ಊರಾಗಿಂದ ಶುರು ಮಾಡ್ರಿ. ಗವಿಮಠದ ಗುಡ್ಡದ ಮ್ಯಾಲೆ ಅಶೋಕನ ಶಾಸನ ಐತಿ, ಪಾಲ್ಕಿಗುಂಡಿನ ಮ್ಯಾಲೆ ಇನ್ನೊಂದು. ಎರಡೂ 1931ರಾಗ ಬೆಳಕಿಗೆ ಬಂದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ದೊಡ್ಡವರಷ್ಟ ಅಲ್ಲ, ಸಣ್ಣವರೂ ಪ್ರಯತ್ನಪಟ್ರ ಸ್ವರ್ಗ ಮುಟ್ಟಬಹುದು ಅನ್ನೂ ಮಾತು ಅದರಾಗ ಐತಿ. ಹೋಗೂಕಿಂತ ಮೊದಲ ಕನ್ನಡ ಅನುವಾದ ಓದಿಕೊಂಡು ಹೋಗ್ರಿ, ಇಲ್ಲಂದ್ರ ಬರೇ ಗೀರು ಕಂಡಂಗ ಆಗತೈತಿ. ಬೆಳಿಗ್ಗೆ ಏಳರಿಂದ ಎಂಟೂವರಿ ಒಳಗ ನೋಡ್ರಿ. ಬಿಸಲು ಓರಿ ಬಿದ್ದಾಗ ಅಕ್ಷರದ ಕುಣಿಯೊಳಗ ನೆಳ್ಳು ನಿಂದರತೈತಿ, ಆಗ ಕಣ್ಣಿಗೆ ಕಾಣತಾವು. ನಡು ಮಧ್ಯಾಹ್ನ ಬಂಡಿಗಲ್ಲು ಬರೇ ಬೆಳ್ಳಗ ಮಿಂಚತೈತಿ. ಅಕ್ಷರ ಎದ್ದು ಕಾಣಲಿ ಅಂತ ಸುಣ್ಣ, ಚಾಕ್‌ಪೀಸ್ ತಿಕ್ಕೂದು, ನೀರು ಹಾಕೂದು ದಯವಿಟ್ಟು ಮಾಡಬ್ಯಾಡ್ರಿ. ಎರಡು ಸಾವಿರ ವರ್ಷ ತಡದ ಕಲ್ಲು ನಮ್ಮ ಕೈಯಾಗ ಸವೀಬಾರದು.

ಪಾಲ್ಕಿಗುಂಡಿಗೆ ಅವ್ವಾರನ್ನ ಕರಕೊಂಡು ಹೋಗಬ್ಯಾಡ್ರಿ, ಅದು ಬಂಡಿಗಲ್ಲು ಹತ್ತೂ ದಾರಿ. ಎರಡು ದೊಡ್ಡ ಗುಂಡಿನ ಮ್ಯಾಲೆ ಒಂದು ಚಪ್ಪಟೆ ಬಂಡಿ ಕುಂತು ಪಲ್ಲಕ್ಕಿಯಂಗ ಕಾಣತೈತಿ, ಅದಕ್ಕ ಆ ಹೆಸರು. ಓದೂ ಮಂದಿ ಅಲ್ಲಿ ನೋಡಲೇಬೇಕಾದ್ದು ಇನ್ನೊಂದು ಐತಿ: ಸಂಸ್ಕೃತದಾಗ ‘ವರಾಂಗಚರಿತ’ ಬರದ ಜಟಾಸಿಂಹನಂದಿ ಆಚಾರ್ಯರ ಪಾದ. ಚಾವಯ್ಯ ಅನ್ನಾವ ಅದನ್ನ ಮಾಡಿಸಿದ ಅಂತ ಹಳಗನ್ನಡದಾಗ ಕೆತ್ತಿದಾರ. ಒಬ್ಬ ಕವಿಯ ಪಾದ ಕಲ್ಲಿನ ಮ್ಯಾಲೆ ಮೂಡಿಸಿದ ಊರು ನಮ್ಮದು. ‘ಕವಿರಾಜಮಾರ್ಗ’ ತಿರುಳ್ಗನ್ನಡದ, ಅಂದ್ರ ಅಚ್ಚ ಕನ್ನಡದ, ಸೀಮೆ ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೋಡಿ ಕೋಪಣ ಅಂತ ಹೇಳಿದ್ದು ಇದ ಕೊಪ್ಪಳ.

ಅವ್ವಾರ ಜೋಡಿ ಹೋಗಾಕ ಇಟಗಿ-ಕುಕನೂರು. ಎರಡೂ ಸಪಾಟು ಜಾಗ. ಒಂದ ಮಾತು ನೆನಪಿಡ್ರಿ: ಇಟಗಿ ಮೊದಲು, ಕುಕನೂರು ಆಮೇಲೆ. ಕುಕನೂರಿನಿಂದ ಕೊಪ್ಪಳಕ್ಕ ಸಂಜಿತನಕ ಬಸ್ ಸಿಗತಾವು, ಇಟಗಿಯಿಂದ ಹಂಗಲ್ಲ. ಇಟಗಿಯಾಗ ಇಳಿಯೂ ಮುಂದನ ಕಂಡಕ್ಟರ್‌ನ ಕೇಳ್ರಿ, ವಾಪಸ್ ಬಸ್ ಎಷ್ಟಕ್ಕ, ಅದಾದಮ್ಯಾಲೆ ಬರೂ ಬಸ್ ಎಷ್ಟಕ್ಕ ಅಂತ. ಒಂದ ಬಸ್ಸಿನ ಟೈಮ್ ಅಷ್ಟ ತಿಳಕೊಂಡು ಕುಂತು ಅದೂ ತಪ್ಪಿದ್ರ ಗುಡಿ ಕಟ್ಟಿ ಮ್ಯಾಲೆ ಎರಡು ತಾಸು ಕಾಯಬೇಕಾಗತೈತಿ.

ಇಟಗಿಯ ಮಹಾದೇವ ದೇವಾಲಯ 1112ರದ್ದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಾಗ ಇದನ್ನ ‘ದೇವಾಲಯ ಚಕ್ರವರ್ತಿ’ ಅಂತ ಕರದಾರ. ಬಾಗಲ ಮೂಡಲಕ್ಕ ಐತಿ, ಹಂಗಾಗಿ ಒಂಬತ್ತರೊಳಗ ಹೋದ್ರ ಬಿಸಲು ಮಂಟಪದೊಳಗ ಬರತೈತಿ. ಕಂಬದ ಹತ್ರ ಕುಂತು ನೋಡ್ರಿ: ಬಳಿ ಹಾಕಿದಂಗ ಉಂಗುರ ಉಂಗುರ ಗೆರಿ ಅದಾವು, ಒಂದು ಗೆರಿ ಇನ್ನೊಂದರಗಿಂತ ಕೂದಲೆಳಿಯಷ್ಟೂ ಓರಿ ಇಲ್ಲ. ಕಂಬಾನ ತಿರುಗಿಸಿ ಕಡದದ್ದಕ್ಕ ಅದ ಸಾಕ್ಷಿ. ಬಳಪದ ಕಲ್ಲು ಮೆತ್ತಗ ಇರೂದರಿಂದ ಇಷ್ಟು ಸಣ್ಣ ಕೆಲಸ ಆಗೈತಿ, ಅದಕ್ಕ ಉಗುರು ತಾಗಿದ್ರೂ ಗೀರು ಬೀಳತೈತಿ. ಕುಕನೂರಾಗ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, ಇಟಗಿಗಿಂತ ಎರಡು ನೂರು ವರ್ಷಕ್ಕೂ ಹಳೇದು. ಒಂದ ದಿನದಾಗ ಎರಡೂ ನೋಡಿದ್ರ ಕಂಬ ದಪ್ಪ ಇದ್ದದ್ದು ಹೆಂಗ ಸಣ್ಣ ಆಗಿ ಅಲಂಕಾರ ಹೆಂಗ ಹೆಚ್ಚಾತು ಅನ್ನೂದು ಯಾರೂ ಹೇಳಿಕೊಡದ ತಿಳೀತೈತಿ.

ಉತ್ತರ — ಬಳ್ಳಾರಿ ಗುಡ್ಡದ ಓದುಗ

ಪುಸ್ತಕದ ವಿಚಾರಕ್ಕೆ ಬರುತ್ತೇನೆ. ಹನ್ನೆರಡು ವಾರಕ್ಕೆ ಎರಡು ದೊಡ್ಡ ಕಾದಂಬರಿ ಸಾಕು, ಮೂರನೆಯದು ಸಿಕ್ಕರೆ ಲಾಭ. ಲೆಕ್ಕ ಸರಳ: ರಾತ್ರಿ ಊಟ ಆದಮೇಲೆ ಇಪ್ಪತ್ತೈದು ಪುಟ. ನಾನೂರೈವತ್ತು ಪುಟದ ಪುಸ್ತಕಕ್ಕೆ ಹದಿನೆಂಟು ರಾತ್ರಿ ಬೇಕು. ಹಬ್ಬ, ನೆಂಟರು, ನಿದ್ದೆ ಲೆಕ್ಕ ಹಿಡಿದರೆ ನಾಲ್ಕು ವಾರ. ದಿನಕ್ಕೆ ಐವತ್ತು ಪುಟ ಅಂದುಕೊಂಡವರು ಎರಡನೇ ವಾರಕ್ಕೆ ಕೈಬಿಡುತ್ತಾರೆ.

ಮೊದಲನೆಯದು ‘ತೇಜೋ-ತುಂಗಭದ್ರಾ’, 2019ರದ್ದು. ಬರೆದವರು ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ. ಹೆಸರಿನಲ್ಲಿರುವ ಎರಡು ನದಿಗಳಲ್ಲಿ ಒಂದು ಲಿಸ್ಬನ್ನಿನದು, ಇನ್ನೊಂದು ನಮ್ಮದು. ಕಾಲ ಹದಿನೈದನೇ ಶತಮಾನದ ಕೊನೆ, ಹದಿನಾರರ ಶುರು. ಓದಲು ಸುಲಭ, ಹಿಡಿದರೆ ಬಿಡುವುದಿಲ್ಲ. ಒಂದು ಚೀಟಿಯಲ್ಲಿ ಎಡಕ್ಕೆ ಲಿಸ್ಬನ್, ಬಲಕ್ಕೆ ವಿಜಯನಗರ ಎಂದು ಗೆರೆ ಎಳೆದು ಪಾತ್ರಗಳ ಹೆಸರು ಬರೆದುಕೊಳ್ಳಿ. ಅರ್ಧ ಓದಿದ ಮೇಲೆ ಹಂಪಿಗಲ್ಲ, ಆನೆಗೊಂದಿಗೆ ಹೋಗಿ. ಹೊಳೆಯ ಈಚೆ ದಂಡೆಯಲ್ಲಿ ಇವತ್ತಿಗೂ ಜನ ವಾಸವಿರುವ ಊರದು. ಹುಚ್ಚಪ್ಪಯ್ಯನ ಮಠದ ಕರಿಗಲ್ಲಿನ ಕಂಬ, ಗಗನ ಮಹಲ್, ರಂಗನಾಥನ ಗುಡಿ, ಎಲ್ಲ ನಡೆದು ನೋಡುವಷ್ಟು ಹತ್ತಿರ. ನಿಮ್ಮ ತಾಯಿಯವರಿಗೂ ತೊಂದರೆ ಇಲ್ಲ. ಹೊಳೆ ದಂಡೆಯಲ್ಲಿ ಕೂತು ಒಂದು ಅಧ್ಯಾಯ ಓದಿ, ನೀರಿನ ಸದ್ದು ಕಿವಿಗೆ ಬೀಳುತ್ತಿರುವಾಗ ಆ ಪುಸ್ತಕದ ರುಚಿಯೇ ಬೇರೆ.

ಇಲ್ಲಿ ಎಡವುವುದು ಎರಡು ಕಡೆ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಆನೆಗೊಂದಿ ಪಕ್ಕದ ನವಬೃಂದಾವನದ (ಒಂಬತ್ತು ಯತಿಗಳ ಬೃಂದಾವನ ಇರುವ) ನಡುಗಡ್ಡೆಗೆ ದೋಣಿ ನಿಲ್ಲಿಸುತ್ತಾರೆ. ಅಕ್ಟೋಬರ್‌ನಲ್ಲಿ ಹೋಗುವುದಾದರೆ ಹಿಂದಿನ ದಿನದ ಪೇಪರಿನಲ್ಲಿ ಹೊರಹರಿವು ಎಷ್ಟು ಕ್ಯೂಸೆಕ್ ಎಂದು ನೋಡಿಕೊಳ್ಳಿ. ಎರಡನೆಯದು, ಮಾರ್ಗಶಿರದ ಹನುಮದ್ ವ್ರತದ ಆಸುಪಾಸು ಆನೆಗೊಂದಿ ಹತ್ತಿರದ ಹನುಮನ ಗುಡ್ಡ ಅಂಜನಾದ್ರಿಗೆ ಮಾಲೆಧಾರಿಗಳು ಸಾವಿರಗಟ್ಟಲೆ ಬರುತ್ತಾರೆ, ಗಂಗಾವತಿ ರಸ್ತೆ ತುಂಬಿ ಬಸ್ ಸುತ್ತುಹಾದಿ ಹಿಡಿಯುತ್ತದೆ. ಪಂಚಾಂಗ ನೋಡಿ ಆ ವಾರ ಬಿಟ್ಟುಬಿಡಿ.

ಎರಡನೆಯದು ಕುಂ. ವೀರಭದ್ರಪ್ಪನವರ ‘ಅರಮನೆ’, 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಪಾಳೆಯಗಾರಿಕೆ ಮುರಿದು ಬೀಳುವ ಕಾಲ, ಥಾಮಸ್ ಮನ್ರೋ ದತ್ತಮಂಡಲದ (ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿ ಕಡೆಯ ಸೀಮೆ) ಕಲೆಕ್ಟರ್ ಆಗಿದ್ದ ದಿನಗಳು. 1800ರಿಂದ 1807ರವರೆಗೆ ಆತ ಆ ಹುದ್ದೆಯಲ್ಲಿದ್ದ. ಇದನ್ನು ಅವಸರದಲ್ಲಿ ಓದಬಾರದು. ಉದ್ದುದ್ದ ವಾಕ್ಯ, ಬಳ್ಳಾರಿ ಸೀಮೆಯ ಆಡುಮಾತು, ಒಂದರ ಬೆನ್ನಿಗೆ ಒಂದು ಹೆಸರು. ಬಹಳ ಜನ ಮೊದಲ ಮೂವತ್ತು ಪುಟದಲ್ಲೇ ನಿಲ್ಲಿಸುವುದು ಕಣ್ಣಿನಲ್ಲಿ ಓದುವುದರಿಂದ. ಆ ಮೂವತ್ತು ಪುಟ ಜೋರಾಗಿ ಓದಿ, ತಾಯಿಯವರು ಕೇಳಿಸಿಕೊಳ್ಳಲಿ. ಮಾತಿನ ಲಯ ಕಿವಿಗೆ ಹತ್ತಿದ ಮೇಲೆ ವಾಕ್ಯ ತಾನಾಗಿ ಒಡೆದುಕೊಳ್ಳುತ್ತದೆ. ಎಷ್ಟೋ ಪದಕ್ಕೆ ನಿಘಂಟು ಬೇಕಿಲ್ಲ, ಹಳೇ ತಲೆಯವರನ್ನು ಕೇಳಿದರೆ ಅರ್ಥ ಸಿಗುತ್ತದೆ. ಜೊತೆಗೆ ಬಳ್ಳಾರಿ ಕೋಟೆ ನೋಡಿ. ಗುಡ್ಡ ಪೂರ್ತಿ ಬಂಡೆ, ಹತ್ತು ಗಂಟೆಯ ಮೇಲೆ ಕಾದ ಹೆಂಚು. ಇದು ನಿಮ್ಮೊಬ್ಬರಿಗೇ ಇರಲಿ.

ಪುಸ್ತಕ ಮೊದಲೋ ಜಾಗ ಮೊದಲೋ ಎಂದರೆ, ಅರ್ಧ ಪುಸ್ತಕ, ಆಮೇಲೆ ಜಾಗ, ಆಮೇಲೆ ಉಳಿದರ್ಧ. ಪೂರ್ತಿ ಓದಿ ಹೋದರೆ ಪುಸ್ತಕದಲ್ಲಿದ್ದದ್ದನ್ನೇ ಹುಡುಕುತ್ತೇವೆ, ಎದುರಿಗಿರುವುದು ಕಾಣುವುದಿಲ್ಲ.

ಉತ್ತರ — ದೋಆಬಿನವರು (ರಾಯಚೂರು)

ಮೇಲಿನವರ ಮಾತಿಗೆ ರಾಯಚೂರಿನ ಮಟ್ಟಿಗೆ ನನ್ನ ಒಪ್ಪಿಗೆ ಇಲ್ರಿ. ಇಲ್ಲಿ ಜಾಗ ಮೊದಲು ನೋಡ್ಬೇಕು. ಕೋಟೆ ಗೋಡೆಯೊಳಗ ನಲವತ್ತೊಂದು ಅಡಿಗೂ ಉದ್ದದ ಒಂದೇ ಕಲ್ಲು ಅದ, ಅದರ ಮ್ಯಾಲೆ 1294ರ ತೆಲುಗು ಶಾಸನ. ಕಾಕತೀಯರ ಕಾಲದಾಗ ಗೋರೆ ಗನ್ನಯ್ಯ ರೆಡ್ಡಿಯ ಕಡೆಯ ವಿಠ್ಠಲನಾಥ ಕೋಟೆ ಕಟ್ಟಿಸಿದ್ದು ಅಂತ ಅದರೊಳಗ ಹೇಳ್ಯದ. ಶಾಸನ ಓದ್ಲಿಕ್ಕೆ ಬರದಿದ್ರೂ ಪರವಾಗಿಲ್ಲ, ಪಕ್ಕದಾಗ ಕೆತ್ತಿದ ಚಿತ್ರ ನೋಡ್ರಿ: ಅದೇ ಕಲ್ಲನ್ನು ಬಂಡಿ ಮ್ಯಾಲೆ ಹೇರಿ, ಉದ್ದಕ ಕೋಣ ಹೂಡಿ ಎಳ್ಕೊಂಡು ಬರೂದನ್ನ ಕೆತ್ತ್ಯಾರ. ಬಂಡಿ ಗಾಲಿಗೆ ಅರ ಇಲ್ಲ, ಇಡೀ ಹಲಗಿ ಗಾಲಿ. ಕಲ್ಲು ತಾನು ಹ್ಯಾಂಗ ಬಂತು ಅಂತ ತಾನೇ ಹೇಳ್ತದ. ಬಸ್ ನಿಲ್ದಾಣದಿಂದ ನಡ್ಕೊಂಡೇ ಹೋಗಬಹುದು. 1520ರಾಗ ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್‌ಶಾಹ ಕಾದಾಡಿದ್ದು ಇದೇ ಕೋಟೆಗೆ. ಪೋರ್ಚುಗೀಸ್ ಬಂದೂಕಿನವರು ರಾಯನ ಪರ ನಿಂತಿದ್ರು. ಗೋಡೆ ಎತ್ತರ ಕಣ್ಣಾರೆ ನೋಡಿದವರಿಗೆ ಆ ಕಾಲದ ಯಾವ ಕಾದಂಬರಿ ಓದಿದ್ರೂ ಮುತ್ತಿಗೆ ಅಂದ್ರೇನು ಅಂತ ತಿಳೀತದ.

ಆದ್ರ ಕೊಪ್ಪಳದಿಂದ ರಾಯಚೂರು ಒಂದು ದಿನಕ್ಕ ದೂರ ಆಗ್ತದ, ಹೋಗ್ತ ಬರ್ತ ದಿನ ಬಸ್ಸಿನಾಗೇ ಕಳೀತದ. ಸಂಬಂಧಿಕರ ಮನಿ ಇದ್ರ ಶನಿವಾರ ರಾತ್ರಿ ಬಂದು ಉಳೀರಿ. ಇಲ್ಲಾಂದ್ರ ಮುದಗಲ್ ಕೋಟೆ ಇಟ್ಕೋರಿ, ಕುಷ್ಟಗಿ ಮ್ಯಾಲೆ ಬರಬಹುದು. ಸುರಪುರದಾಗ ಆಡಳಿತ ನೋಡ್ಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ವಿಜಾಪುರದ ರಾಣಿ ಚಾಂದಬೀಬಿಯ ಮ್ಯಾಲೆ ಬರೆದ 1878ರ ‘ಎ ನೋಬಲ್ ಕ್ವೀನ್’ ಕಾದಂಬರಿಯೊಳಗ ಮುದಗಲ್, ಜಲದುರ್ಗ ಎರಡೂ ಬರ್ತಾವ. ಇಂಗ್ಲಿಷ್ ಹಳೇದು, ನಿಧಾನದ್ದು. ಜಾಗದ ವರ್ಣನೆ ಮಾತ್ರ ಕಂಡು ಬರೆದವರದು.

ಮಸ್ಕಿಯೂ ಬಿಡಬ್ಯಾಡ್ರಿ. 1915ರಾಗ ಬಂಗಾರದ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನ. ಅಲ್ಲಿತನಕ ಸಿಕ್ಕ ಶಾಸನದೊಳಗೆಲ್ಲ ‘ದೇವಾನಾಂಪ್ರಿಯ’ ಅಂತ ಬಿರುದಷ್ಟೇ ಇತ್ತು, ಅದು ಯಾರು ಅನ್ನೂದು ಖಾತ್ರಿ ಆಗಿದ್ದು ಇಲ್ಲಿ ‘ಅಶೋಕ’ ಅನ್ನೂ ಹೆಸರು ಸಿಕ್ಕಮ್ಯಾಲೆ. ಕೊಪ್ಪಳದ ಎರಡು ನೋಡಿದವರು ಮೂರನೇದು ಇದನ್ನ ನೋಡಿದ್ರ ಸಾಲು ಪೂರ್ತಿ ಆಗ್ತದ. ಮುದಗಲ್, ಮಸ್ಕಿ ಎರಡೂ ಒಂದೇ ದಿನ ಹಾಕ್ಕೋಬ್ಯಾಡ್ರಿ, ನಡುವ ಲಿಂಗಸುಗೂರಿನಾಗ ಬಸ್ ಬದಲಿ ಮಾಡೂದ್ರಾಗೇ ಹೊತ್ತು ಹೋಗ್ತದ.

ಹಿಂಗಾರಿ ಓದು

ಎಲ್ಲರಿಗೂ ತುಂಬಾ ಧನ್ಯವಾದ. ಹಿರೇಬೆಣಕಲ್ ಗುಡ್ಡದ ಹಳೇ ಕಲ್ಲುಗೋರಿಗಳ ಬಗ್ಗೆ ಯಾರೂ ಹೇಳಲಿಲ್ಲ. ಒಬ್ಬಳೇ ಹೋಗಬಹುದೇ? ಬುತ್ತಿ, ನೀರಿನ ಲೆಕ್ಕವನ್ನೂ ಹೇಳಿ.

ಉತ್ತರ — ಕೋಪಣ

ಒಬ್ಬರ ಹೋಗಬ್ಯಾಡ್ರಿ ಅಕ್ಕಾರ. ಕಮ್ಮಿ ಅಂದ್ರ ನಾಕು ಮಂದಿ, ಜೋಡಿ ಊರಾಗಿನ ದಾರಿ ಗೊತ್ತಿದ್ದಾವ ಒಬ್ಬ. ಆ ಗುಡ್ಡದಾಗ ಕರಡಿ, ಚಿರತಿ ಅದಾವು, ಮೊಬೈಲ್ ಸಿಗ್ನಲ್ ನಂಬಾಂಗಿಲ್ಲ. ಮಳಿ ಮುಗಿದ ಕೂಡಲೇ ಹುಲ್ಲು ಸೊಂಟದಮಟ ಇರತೈತಿ, ಕಾಲಿನ ಬುಡಕ ಏನೈತಿ ಕಾಣಂಗಿಲ್ಲ. ನವೆಂಬರ್ ಕೊನಿ, ಡಿಸೆಂಬರ್ ಚಲೋ. ಬೆಳಿಗ್ಗೆ ಏಳಕ್ಕ ಹತ್ತಾಕ ಶುರು ಮಾಡಿ ಹನ್ನೆರಡರೊಳಗ ಇಳೀರಿ.

ಜನ ಅದನ್ನ ಮೋರ್ಯರ ಗುಡ್ಡ ಅಂತಾರ. ಶಿಲಾಯುಗ ಮುಗಿದು ಕಬ್ಬಿಣ ಬಂದ ಕಾಲದ ಗೋರಿ, ಸುಮಾರು ನಾಕು ನೂರು. 2021ರಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರೈತಿ. ಕಲ್ಲಿನ ಚಪ್ಪಡಿ ನಿಂದರಿಸಿ ಮ್ಯಾಲೊಂದು ಹಾಸಿದ ಮನಿಯಂಗ ಕಾಣತಾವು, ಕೆಲವು ಆಳೆತ್ತರಕ್ಕೂ ಹೆಚ್ಚು. ಒಂದು ಚಪ್ಪಡಿಯಾಗ ದುಂಡನೆ ಕಿಂಡಿ ಇರತೈತಿ. ಚಪ್ಪಡಿ ಮ್ಯಾಲೆ ಹತ್ತೂದು, ಕಿಂಡಿಯೊಳಗ ತೂರೂದು ಬ್ಯಾಡ. ಕಲ್ಲು ಬರೇ ತೂಕದ ಮ್ಯಾಲೆ ನಿಂತೈತಿ, ನಡುವ ಗಾರಿ ಇಲ್ಲ, ಒಂದು ಸರದ್ರ ಮ್ಯಾಲಿನದು ಬೀಳತೈತಿ. ಎತ್ತರದ ಗುಂಡಿನ ಮ್ಯಾಲೆ ಕಲ್ಲಿನ ನಗಾರಿ ಐತಿ. ಅದನ್ನ ಕೆಳಗ ನಿಂತು ನೋಡಿದ್ರ ಸಾಕು.

ನೀರು ಒಬ್ಬರಿಗೆ ಮೂರು ಲೀಟರ್, ಮ್ಯಾಲಿನ ಹೊಂಡದ ನೀರು ಕುಡಿಯಾಕಲ್ಲ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಈರುಳ್ಳಿ. ಮೊಸರನ್ನ ಮಧ್ಯಾಹ್ನಕ್ಕ ಹುಳಿ ಹಿಡೀತೈತಿ. ಒಗ್ಗರಣಿ-ಮಿರ್ಚಿ ಬಸ್ ಸ್ಟ್ಯಾಂಡಿನಾಗ ಬೆಳಿಗ್ಗೇನ ತಿಂದು ಹೊಂಡ್ರಿ, ಹಳ್ಳಿಯಾಗ ಹೋಟೆಲ್ ತೆಗದಿರತೈತಿ ಅಂತ ನಂಬಬ್ಯಾಡ್ರಿ. ಉಚಿತ ಟಿಕೆಟ್‌ಗೆ ಆಧಾರ್ ಕಾರ್ಡ್ ಇಬ್ಬರದೂ ಇಟ್ಕೋರಿ, ಸಾದಾ ಬಸ್ಸಿಗೆ ಅಷ್ಟ ನಡೀತೈತಿ, ಏಸಿ, ಸ್ಲೀಪರ್ ಬಸ್ಸಿಗೆ ಇಲ್ಲ.

ಉತ್ತರ — ಬಳ್ಳಾರಿ ಗುಡ್ಡದ ಓದುಗ

ಒಂದು ಸೇರಿಸುತ್ತೇನೆ. ದಪ್ಪ ಪುಸ್ತಕವನ್ನು ಬಸ್ಸಿಗೆ ಒಯ್ಯಬೇಡಿ, ಬ್ಯಾಗಿನಲ್ಲಿ ನೀರಿನ ಬಾಟಲಿಯ ಪಕ್ಕ ಇಟ್ಟ ಕಾದಂಬರಿ ಒಂದೇ ದಿನದಲ್ಲಿ ಬೆನ್ನು ಬಿಡುತ್ತದೆ. ಆನೆಗೊಂದಿಗೆ ಮಾತ್ರ ಒಯ್ಯಿರಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಗ್ರಂಥಾಲಯದಿಂದ ತರುವುದಾದರೆ ‘ಅರಮನೆ’ಯನ್ನು ಈಗಲೇ ಕೇಳಿಡಿ, ಬೇರೆಯವರು ಒಯ್ದಿದ್ದರೆ ಅದು ವಾಪಸ್ ಬರುವಷ್ಟರಲ್ಲಿ ‘ತೇಜೋ-ತುಂಗಭದ್ರಾ’ ಮುಗಿದಿರುತ್ತದೆ. ನವೆಂಬರ್‌ನಲ್ಲಿ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಎಲ್ಲಿಗೆ ಹೋದರೂ ನಾಲ್ಕು ಗಂಟೆಗೆ ವಾಪಸ್ ಬಸ್ಸಿನ ಸ್ಟಾಪಿನಲ್ಲಿರಿ.